ಆ ಪದ ಯಾರದು?

ಮಾರ್ಚ್ 4, ಸೋಮವಾರ

ಮೂರನೇ ಸಲ ವಾಪಸ್ಸು. ಹದಿನೆಂಟು ಪುಟದ ವರದಿ. ಮೊದಲ ಪುಟದ ಅಂಚಿನಲ್ಲಿ ಒಂದು ಸಾಲು: "ಏನು ಮಾಡಿದಿರಿ ಎಂದು ಬರೆದಿದ್ದೀರಿ. ಏಕೆ ಮಾಡಿದಿರಿ? ಬುನಾದಿ ಯಾವುದು?" ಉಳಿದ ಹದಿನೇಳು ಪುಟಗಳ ಮೇಲೆ ಒಂದು ಗೀಟೂ ಇಲ್ಲ.

ಬುನಾದಿ, ಬುನಾದಿ, ಬುನಾದಿ. ತರಬೇತಿಯಲ್ಲಿರುವ ನಾವು ಆರು ಜನ ಸೇರಿ ನಮ್ಮ ಮೇಲ್ವಿಚಾರಕಿಗೆ ಇಟ್ಟಿರುವ ಹೆಸರೇ ಅದು. ಎರಡು ವರ್ಷದಿಂದ ಈ ಆಸ್ಪತ್ರೆಯ ಮನಃಶಾಸ್ತ್ರ ವಿಭಾಗದಲ್ಲಿ ಅವರ ಕೈಕೆಳಗಿದ್ದೇನೆ. ಕಲಿತದ್ದಕ್ಕಿಂತ ಹಲ್ಲು ಕಚ್ಚಿದ್ದೇ ಜಾಸ್ತಿ. ಮೇ ತಿಂಗಳೊಳಗೆ ಒಬ್ಬ ರೋಗಿಯ ಚಿಕಿತ್ಸೆಯ ಮೇಲೆ ಪ್ರಬಂಧ ಒಪ್ಪಿಸಬೇಕು, ಆ ಚಿಕಿತ್ಸೆ ಯಾವ ಸಿದ್ಧಾಂತದ ಮೇಲೆ ನಿಂತಿದೆ ಎಂದು ತೋರಿಸಬೇಕು. ಅದಾಗದಿದ್ದರೆ ನನಗೆ ಲೈಸೆನ್ಸ್ ಇಲ್ಲ.

ಅಡುಗೆ ರುಚಿಯಾಗಿದ್ದರೆ ಉಣ್ಣಬೇಕು. ಒಲೆಯ ಶಾಸ್ತ್ರ ಕೇಳುತ್ತಾ ಕೂರುವುದು ಯಾವ ಸೀಮೆಯ ನ್ಯಾಯ? ನನ್ನ ಕೇಸು ಸುಧಾರಿಸುತ್ತಿದೆ. ಅಷ್ಟು ಸಾಲದಾ?

ಕೇಸು ಸರಳ. ಬಂದರಿನ ಕ್ರೇನ್ ಆಪರೇಟರ್, ಐವತ್ತೆರಡು ವರ್ಷ. ಎಂಬತ್ತು ಅಡಿ ಮೇಲಿಂದ ಕೆಳಗೆ ಬಿದ್ದಿರುವ ಬೋಲ್ಟು ಕಾಣುತ್ತದೆ ಅಂತ ಅಲ್ಲಿಯವರು ಅವನನ್ನು ಗಿಡುಗ ಅನ್ನುತ್ತಾರಂತೆ. ಒಂಬತ್ತು ತಿಂಗಳ ಹಿಂದೆ ಅವನು ಎತ್ತುತ್ತಿದ್ದ ಕಬ್ಬಿಣದ ಹಲಗೆಗಳ ಕಟ್ಟು ಜಾರಿ ಬಿತ್ತು. ಕೆಳಗೆ ಕೊಕ್ಕೆ ಸಿಕ್ಕಿಸುವ ಕೆಲಸದವನೊಬ್ಬ ಕಾಲು ಕಳೆದುಕೊಂಡ. ಅಂದಿನಿಂದ ಗಿಡುಗನಿಗೆ ಕ್ರೇನಿನ ಏಣಿ ಹತ್ತಲು ಆಗುತ್ತಿಲ್ಲ. ಕಂಪನಿ ಪತ್ರ ಕೊಟ್ಟು ಕಳಿಸಿದೆ: "ಎತ್ತರದ ಭಯ. ಹನ್ನೆರಡು ಭೇಟಿಗಳಲ್ಲಿ ಕೆಲಸಕ್ಕೆ ಅರ್ಹನಾಗುವಂತೆ ಮಾಡಿ." ಪುಸ್ತಕದಲ್ಲಿ ದಾರಿ ಇದೆ. ಭಯ ಹುಟ್ಟಿಸುವ ಜಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ಕರೆದುಕೊಂಡು ಹೋಗಬೇಕು, ಭಯ ಇಳಿಯುವ ತನಕ ಅಲ್ಲೇ ನಿಲ್ಲಿಸಬೇಕು. ಒಳಗಿನ ಮೆಟ್ಟಿಲಿನಲ್ಲಿ ನಾಲ್ಕನೇ ಮಹಡಿ ಮುಟ್ಟಿಸಿದ್ದೇನೆ.

ಬುನಾದಿಯವರಿಗೆ ಎಲ್ಲರೂ ತಮ್ಮ ಮುಷ್ಟಿಯಲ್ಲಿರಬೇಕೆಂಬ ಗೀಳು. ಬಾಲ್ಯದಲ್ಲಿ ಏನೋ ಆಗಿರಬೇಕು.

ಮಾರ್ಚ್ 6, ಬುಧವಾರ

ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ, ಪಕ್ಕದ ಮೇಜಿನಲ್ಲಿ ಇಬ್ಬರು ನರ್ಸುಗಳು ಯಾರ ಮದುವೆಯ ಬಗ್ಗೆಯೋ ಕಚ್ಚಾಡುತ್ತಿದ್ದಾರೆ.

ಇವತ್ತು ಗಿಡುಗನನ್ನು ಆಸ್ಪತ್ರೆಯ ಹಿಂಬದಿಗೆ ಕರೆದೊಯ್ದೆ. ಬೆಂಕಿ ಬಿದ್ದರೆ ಇಳಿಯಲು ಹಾಕಿರುವ ಕಬ್ಬಿಣದ ಮೆಟ್ಟಿಲು ಅಲ್ಲಿದೆ. ಸಂದಿಯಲ್ಲಿ ನೆಲ ಕಾಣುತ್ತದೆ, ಹೆಜ್ಜೆ ಇಟ್ಟರೆ ಝಣ್ ಅನ್ನುತ್ತದೆ. ಕ್ರೇನಿಗೆ ಇದಕ್ಕಿಂತ ಹತ್ತಿರದ್ದು ಸಿಗುವುದಿಲ್ಲ. ಎರಡನೇ ತಿರುವಿನಲ್ಲಿ ನಿಲ್ಲಿಸಿ, "ಸೊನ್ನೆಯಿಂದ ಹತ್ತರೊಳಗೆ ಭಯ ಎಷ್ಟಿದೆ?" ಎಂದೆ.

"ಎಷ್ಟು ಅಂದ್ರೆ ಸರಿಹೋಗುತ್ತೆ ಡಾಕ್ಟ್ರಮ್ಮ?"

ನಾನು ಡಾಕ್ಟರ್ ಅಲ್ಲ ಅಂತ ಏಳು ಸಲ ಹೇಳಿದ್ದೇನೆ.

"ನಿಮಗೆ ಅನ್ನಿಸಿದ್ದು ಹೇಳಿ."

"ಆರು ಬರ್ಕೊಳ್ಳಿ."

ಬರೆದುಕೊಂಡೆ. ಪಕ್ಕದಲ್ಲಿ "ಪ್ರತಿರೋಧ" ಅಂತಲೂ ಬರೆದೆ. ದವಡೆ ಬಿಗಿದಿತ್ತು, ಕಂಬಿ ಹಿಡಿದ ಬೆರಳು ಬೆಳ್ಳಗಾಗಿತ್ತು. ಇಂಥ ಭಯ ಕಣ್ಣಿಗೆ ಹೊಡೆಯುವ ಹಾಗಿದ್ದರೂ ಬುನಾದಿ ಬೇಕಂತೆ ಇವರಿಗೆ.

ಮಾರ್ಚ್ 10, ಭಾನುವಾರ

ಬೆಳಿಗ್ಗೆಯೇ ಅಕ್ಕನ ಜೊತೆ ಜಗಳ. ಅಮ್ಮನ ಕಪಾಟನ್ನು ಖಾಲಿ ಮಾಡುತ್ತಿದ್ದಳು. ಅಮ್ಮ ಹೋಗಿ ಒಂದು ವರ್ಷ ಎರಡು ತಿಂಗಳು. ಸೀರೆಗಳನ್ನು ಮಡಿಸಿ ಚೀಲಕ್ಕೆ ತುರುಕುತ್ತಿದ್ದಳು, ಮಡಿಸಿದಳು ಅನ್ನುವುದಕ್ಕಿಂತ ಬಡಿದಳು ಅನ್ನಬೇಕು. ನಾನು ಒಳ್ಳೆಯ ಮಾತಿನಲ್ಲೇ ಹೇಳಿದೆ, "ಅಕ್ಕಾ, ನೀನು ದುಃಖಾನ ಅದುಮಿಟ್ಟಿದ್ದೀಯ. ಅತ್ತುಬಿಟ್ರೆ ಹಗುರ ಆಗುತ್ತೆ."

ಚೀಲ ಅಲ್ಲೇ ಬಿಟ್ಟು ಎದ್ದು ನಿಂತಳು. "ನಾನು ಏನು ಅದುಮಿಟ್ಟಿದ್ದೀನಿ ಅಂತ ನಿನಗೆ ಯಾರೇ ಹೇಳಿದ್ದು?"

"ನೋಡಿದ್ರೆ ಗೊತ್ತಾಗುತ್ತೆ."

"ಗೊತ್ತಾಗುತ್ತಾ! ಹಾಗಾದ್ರೆ ನೀನೇ ಅತ್ತುಬಿಡು ನನ್ನ ಪರವಾಗಿ. ನನಗೆ ಕೆಲಸ ಇದೆ."

ನಿರಾಕರಣೆ. ಪಠ್ಯಪುಸ್ತಕದಿಂದ ಎದ್ದು ಬಂದ ಹಾಗೆ. ಊರಿಗೆಲ್ಲ ಬುದ್ಧಿ ಹೇಳುವ ಕೆಲಸ ಕಲಿತು ಸ್ವಂತ ಅಕ್ಕನ ಮುಂದೆ ಬಾಯಿ ಮುಚ್ಚಿಕೊಂಡು ಕೂರಬೇಕು ನಾನು.

ಮಾರ್ಚ್ 13, ಬುಧವಾರ

ಬಸ್ಸಿನಲ್ಲೇ ಬರೆಯುತ್ತಿದ್ದೇನೆ, ಮನೆ ಮುಟ್ಟುವ ತನಕ ತಾಳ್ಮೆ ಇಲ್ಲ.

ವಾರದ ಚರ್ಚೆಗೆ ಬುನಾದಿಯ ಕೋಣೆಗೆ ಹೋದೆ. ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಶುರು.

"ನಿಮ್ಮ ರೋಗಿಗೆ ಇರೋದು ಭಯ ಅಂತ ಹೇಗೆ ತೀರ್ಮಾನ ಮಾಡಿದ್ರಿ?"

"ಲಕ್ಷಣ ಎಲ್ಲಾ ಇದೆ ಮೇಡಂ. ಅಂಗೈ ಬೆವರುತ್ತೆ, ಎದೆ ಬಡ್ಕೊಳ್ಳುತ್ತೆ, ಉಸಿರು ಸಿಕ್ಕಿಕೊಳ್ಳುತ್ತೆ, ದವಡೆ ಬಿಗಿಯುತ್ತೆ."

"ನಿಮ್ಮ ಅಂಗೈ ನೋಡ್ಕೊಳ್ಳಿ."

ನೋಡಿಕೊಂಡೆ. ಒದ್ದೆಯಾಗಿತ್ತು. ಎದೆ ಬಡಿತ ಕಿವಿಗೆ ಕೇಳುತ್ತಿತ್ತು. ದವಡೆಯ ವಿಷಯ ಬೇಡವೇ ಬೇಡ.

"ನನ್ನ ಕಂಡ್ರೆ ನಿಮಗೆ ಭಯಾನಾ?"

"ಇಲ್ಲ."

"ಮತ್ತೇನು?"

ಏನು ಹೇಳಲಿ? ಹೇಳಿದ್ದರೆ ಲೈಸೆನ್ಸ್ ಅಲ್ಲೇ ಹರಿದು ಹೋಗುತ್ತಿತ್ತು. ಅವರೇ ಮುಂದುವರಿಸಿದರು, ಸ್ವರ ಕೂದಲೆಳೆಯಷ್ಟೂ ಏರಲಿಲ್ಲ, ಅದೇ ಇನ್ನೂ ಉರಿಸಿದ್ದು.

"ಭಯ ಕಲಿತದ್ದು, ಕಲಿತದ್ದನ್ನ ಮರೆಸಬಹುದು ಅನ್ನೋದು ಒಂದು ಸಿದ್ಧಾಂತ. ಒಳ್ಳೇದೇ. ಸಾವಿರಾರು ಜನಕ್ಕೆ ಬದುಕು ಕೊಟ್ಟಿದೆ. ಮನಸ್ಸಿನೊಳಗೆ ಎರಡು ಆಸೆಗಳ ಎಳೆದಾಟ ನಡೀತಿದೆ ಅನ್ನೋದು ಇನ್ನೊಂದು. ಮನುಷ್ಯ ಸರಿಯಾಗೇ ಇದ್ದಾನೆ, ಅವನು ನಿಂತಿರೋ ಜಾಗ ಕೆಟ್ಟಿದೆ ಅನ್ನೋದು ಮತ್ತೊಂದು. ಯಾವುದನ್ನ ಹಿಡೀತೀರೋ ಅದಕ್ಕೆ ತಕ್ಕ ಪ್ರಶ್ನೆ ಕೇಳ್ತೀರಿ. ಕೇಳದೇ ಇರೋ ಪ್ರಶ್ನೆಗೆ ಯಾವ ರೋಗಿನೂ ಉತ್ತರ ಕೊಡಲ್ಲ."

"ನಾನು ಯಾವ ಸಿದ್ಧಾಂತಾನೂ ಹಿಡಿದಿಲ್ಲ ಮೇಡಂ. ಕೆಲಸ ಆಗೋದನ್ನ ಮಾಡ್ತಿದ್ದೀನಿ."

"ಹಿಡಿದಿದ್ದೀರಿ. 'ಎತ್ತರದ ಭಯ'. ಆ ಪದ ಯಾರದು? ಅವರದಾ, ನಿಮ್ಮದಾ, ಕಂಪನಿಯದಾ?"

ಅಷ್ಟು ಹೇಳಿ ಗಡಿಯಾರ ನೋಡಿದರು. ಮುಂದಿನವನು ಬಾಗಿಲಲ್ಲಿ ಕಾಯುತ್ತಿದ್ದ.

ಮೈಯೆಲ್ಲ ಉರಿಯುತ್ತಿದೆ. ಇಪ್ಪತ್ತೈದು ವರ್ಷ ಕುರ್ಚಿಯಲ್ಲಿ ಕೂತವರಿಗೆ ಪ್ರಶ್ನೆ ಕೇಳುವುದು ಸುಲಭ. ಕಬ್ಬಿಣದ ಮೆಟ್ಟಿಲಿನಲ್ಲಿ ನಿಲ್ಲುವವಳು ನಾನು.

ಮಾರ್ಚ್ 14, ಗುರುವಾರ

ಕಡತ ತೆಗೆದು ಮೊದಲಿಂದ ಓದಿದೆ. ಅವರ ಮಾತು ಸುಳ್ಳು ಮಾಡಬೇಕೆಂದೇ.

ಎಂಟು ಭೇಟಿಯ ಟಿಪ್ಪಣಿ. "ಭಯ" ಎಂಬ ಪದ ನಲವತ್ತೊಂದು ಸಲ ಇದೆ. ನಲವತ್ತೊಂದೂ ನನ್ನವು. ಗಿಡುಗ ಹೇಳಿದ್ದು "ಆಗಲ್ಲ". "ಬೇಡ". ಒಂದು ಕಡೆ "ಮೇಲೆ ಹೋದ್ರೆ ಸರಿ ಇರಲ್ಲ".

ಹೇಳದಿದ್ದ ಮಾತ್ರಕ್ಕೆ ಇಲ್ಲ ಅಂತ ಆಗುತ್ತಾ? ಗಂಡಸರು ಭಯ ಅನ್ನುವ ಮಾತನ್ನು ಬಾಯಿಬಿಟ್ಟು ಹೇಳುತ್ತಾರಾ?

ಮಾರ್ಚ್ 20, ಬುಧವಾರ

ಎಲ್ಲಾ ಕೆಟ್ಟಿತು.

ಇವತ್ತು ತಾರಸಿಯ ತನಕ ಅಂತ ನಿಶ್ಚಯ ಮಾಡಿಕೊಂಡಿದ್ದೆ. ಹತ್ತಿ ಇಳಿದರೆ ಬುನಾದಿಯ ಮೇಜಿನ ಮೇಲೆ ಅಂಕಿ ಅಂಶ ಇಡಬಹುದು, ಬಾಯಿ ಮುಚ್ಚಿಸಬಹುದು. ಮೂರನೇ ತಿರುವಿನಲ್ಲಿ ಗಿಡುಗ ನಿಂತ.

"ಇವತ್ತಿಗೆ ಸಾಕು."

"ಇನ್ನೊಂದೇ ತಿರುವು."

"ಬೇಡ ಡಾಕ್ಟ್ರಮ್ಮ. ಇಳಿಯೋಣ."

"ಈಗ ಇಳಿದ್ರೆ ಭಯ ಗೆದ್ದ ಹಾಗೆ. ಇಲ್ಲೇ ನಿಲ್ಲಿ. ಈ ಭಯ ತಾನಾಗೇ ಇಳಿಯುತ್ತೆ." ಹೀಗೆ ಹೇಳಿ ಮೆಟ್ಟಿಲಿಗೆ ಅಡ್ಡ ನಿಂತೆ. ಹೌದು, ಅಡ್ಡ ನಿಂತೆ.

ಅವನು ನನ್ನ ಕಡೆ ತಿರುಗಿದ. ಆ ಮುಖ ಇದುವರೆಗೆ ನೋಡಿರಲಿಲ್ಲ. "ಭಯ ಯಾರಿಗ್ರೀ? ಯಾರಿಗೆ ಭಯ? ಇಪ್ಪತ್ನಾಲ್ಕು ವರ್ಷ ಅಲ್ಲಿ ಕೂತಿದ್ದೀನಿ ನಾನು! ಗಾಳಿಗೆ ಕ್ಯಾಬಿನ್ ತೊಟ್ಟಿಲಾಗಿ ತೂಗುವಾಗ ಕೂತಿದ್ದೀನಿ! ನೀವೂ ಕಂಪನಿಯವರ ಹಾಗೇನೇ. ಬರೆದುಕೊಟ್ಟಿದ್ದನ್ನ ಓದ್ತೀರಿ!"

ಕಬ್ಬಿಣವೆಲ್ಲ ಝಣಗುಟ್ಟಿತು. ಕಿಟಕಿಯಿಂದ ಯಾರೋ ಇಣುಕಿದರು. ನಾನು ಪಕ್ಕಕ್ಕೆ ಸರಿದೆ. ಅವನು ಎರಡೆರಡು ಮೆಟ್ಟಿಲು ದಾಟಿ ಇಳಿದು, ಹಿಂತಿರುಗಿ ನೋಡದೆ ಗೇಟು ದಾಟಿದ.

ಎರಡೆರಡು ಮೆಟ್ಟಿಲು. ಎತ್ತರದ ಭಯ ಇರುವವನು ಹಾಗೆ ಇಳಿಯುವುದಿಲ್ಲ.

ಮಾರ್ಚ್ 27, ಬುಧವಾರ

ಬರಲಿಲ್ಲ. ಹನ್ನೊಂದರಿಂದ ಹನ್ನೆರಡರ ತನಕ ಖಾಲಿ ಕುರ್ಚಿಯ ಎದುರು ಕೂತಿದ್ದೆ.

ಬುನಾದಿಯವರಿಗೆ ಹೇಳಿದೆ, ಮೆಟ್ಟಿಲಿಗೆ ಅಡ್ಡ ನಿಂತದ್ದೂ ಸೇರಿ. ಬೈಯುತ್ತಾರೆ ಅಂದುಕೊಂಡಿದ್ದೆ. "ಈಗ ಏನು ಮಾಡ್ತೀರಿ?" ಅಂದರು ಅಷ್ಟೆ. "ಕ್ಷಮೆ ಕೇಳ್ತೀನಿ" ಅಂದೆ. "ಏಕೆ?" ಅಂದರು. ಇದಕ್ಕೂ ಏಕೆ! ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಬಂದೆ.

ಮಾರ್ಚ್ 28, ಗುರುವಾರ

ಫೋನ್ ಮಾಡಿದೆ. ಎತ್ತಿಕೊಂಡದ್ದು ಹೆಂಡತಿ.

"ಅವರು ಮನೇಲಿ ಇಲ್ಲ ಅಂತ ಹೇಳೋಕೆ ಹೇಳಿದ್ದಾರೆ."

"ಸರಿ. ಅವರಿಗೆ ಒಂದು ಮಾತು ತಿಳಿಸ್ತೀರಾ? ನಾನು ಅವರನ್ನ ಒಂದು ಸಲಾನೂ ಸರಿಯಾಗಿ ಕೇಳಲಿಲ್ಲ, ಬರೀ ಹೇಳಿದೆ. ತಪ್ಪಾಯ್ತು. ಬಯ್ಯಬೇಕು ಅನ್ನಿಸಿದ್ರೂ ಬುಧವಾರ ಬರಲಿ. ಮೆಟ್ಟಿಲು ಇರಲ್ಲ."

ಅತ್ತ ಕಡೆ ಪಿಸುಪಿಸು. ಆಮೇಲೆ ಆಕೆ, "ಮೆಟ್ಟಿಲು ಖಂಡಿತ ಇರಲ್ವಾ ಅಂತ ಕೇಳ್ತಿದ್ದಾರೆ" ಅಂದಳು.

ಏಪ್ರಿಲ್ 3, ಬುಧವಾರ

ಗಿಡುಗ ಬಂದರು. ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೋರ್ಟಿಗೆ ಬಂದವರ ಹಾಗೆ. ನಾನು ಪೆನ್ನು ತೆಗೆಯಲಿಲ್ಲ. ಇದೆಲ್ಲ ನೆನಪಿನಿಂದ ಬರೆಯುತ್ತಿರುವುದು.

"ಮೇಲೆ ಹೋದ್ರೆ ಸರಿ ಇರಲ್ಲ ಅಂತ ಒಂದು ಸಲ ಹೇಳಿದ್ರಿ. ಏನಾಗುತ್ತೆ ಮೇಲೆ ಹೋದ್ರೆ?"

ಟೇಬಲ್ಲಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕ್ರೇನಿನ ಕತೆಯಿಂದ ಶುರು ಮಾಡಿದರು. ಕ್ರೇನಿನ ನೆತ್ತಿಯಲ್ಲಿ ಉಕ್ಕಿನ ಹಗ್ಗ ಹಾಯುವ ರಾಟೆ ಇದೆ. ಅದರ ಅಂಚು ಸವೆದು ಚೂರಿಯಾಗಿದೆ. ಹಗ್ಗದ ಎಳೆ ಒಂದೊಂದೇ ಕತ್ತರಿಸುತ್ತಾ ಬಂತು. ಗಿಡುಗ ಮೂರು ಸಲ ಕೆಲಸದ ಪುಸ್ತಕದಲ್ಲಿ ಬರೆದರು. ಮೂರು ಸಲವೂ ಯಾರ್ಡ್ ಮ್ಯಾನೇಜರ್ "ಈ ಹಡಗು ಹೋಗಲಿ, ನೋಡೋಣ" ಅಂದ. ನಾಲ್ಕನೇ ಹಡಗಿಗೆ ಹಗ್ಗ ಹರಿಯಿತು. ಕೆಳಗಿದ್ದದ್ದು ಇಪ್ಪತ್ತು ವರ್ಷದ ಜೊತೆಗಾರ. ಎಲ್ಲರೂ ಕೊಕ್ಕೆಯಣ್ಣ ಅನ್ನುತ್ತಾರೆ. ಇವರಿಗಿಂತ ಎರಡು ವರ್ಷ ದೊಡ್ಡವನು.

"ಮಾರನೇ ದಿನ ಪುಸ್ತಕದ ಆ ಹಾಳೆಗಳೇ ಇರಲಿಲ್ಲ. ಮ್ಯಾನೇಜರ್ ಒಂದು ಕಾಗದ ಇಟ್ಟ. ಆಪರೇಟರನ ಅಜಾಗರೂಕತೆಯಿಂದ ಆಯ್ತು ಅಂತ. ನೀನು ಸಹಿ ಹಾಕಿದ್ರೆ ಕೊಕ್ಕೆಯಣ್ಣನಿಗೆ ಗೇಟಲ್ಲಿ ಕೂತ್ಕೊಳ್ಳೋ ಕೆಲಸ, ಹಾಕದಿದ್ರೆ ತನಿಖೆ ಅಂತ ಐದು ವರ್ಷ ಎಳೆಯುತ್ತೆ, ಅವನು ಬೀದೀಲಿ ಇರ್ತಾನೆ ಅಂದ. ಹಾಕಿದೆ ಡಾಕ್ಟ್ರಮ್ಮ. ಆಸ್ಪತ್ರೆ ಮಂಚದ ಮೇಲೆ ಅವನನ್ನ ನೋಡಿ ಬಂದ ಕೈಯಲ್ಲೇ ಹಾಕಿದೆ."

"ಆಮೇಲೆ?"

"ಆಮೇಲೆ ಕೆಲಸಕ್ಕೆ ಹೋದೆ. ಏಣಿಗೆ ಕಾಲಿಟ್ಟೆ. ನನ್ನ ಕ್ಯಾಬಿನ್‌ನಿಂದ ಆ ಮ್ಯಾನೇಜರನ ಆಫೀಸಿನ ಸೂರು ಕಾಣುತ್ತೆ. ತಗಡಿನ ಸೂರು. ಕಿಟಕೀಲಿ ಅವನ ತಲೆ ಕಾಣುತ್ತೆ. ನನ್ನ ಕೈಯಲ್ಲಿ ಹನ್ನೆರಡು ಟನ್ ಇರುತ್ತೆ. ಒಂದು ಹಿಡಿಕೆ ಬಲಕ್ಕೆ ತಳ್ಳಬೇಕು. ಒಂದೇ ಒಂದು." ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. "ಬಿದ್ದುಬಿಡ್ತೀನಿ ಅಂತ ಅಲ್ಲಮ್ಮ. ಬೀಳಿಸಿಬಿಡ್ತೀನಿ ಅಂತ. ನೀವು ಆ ತಡೆಯನ್ನ ತೆಗೆದುಹಾಕ್ತೀನಿ ಅಂತೀರಿ. ಅದೊಂದೇ ನನ್ನನ್ನ ಕೆಳಗೆ ಹಿಡಿದಿಟ್ಟಿರೋದು."

ಒಂಬತ್ತು ವಾರ ನಾನು ಅದನ್ನು ಕೀಳುತ್ತಿದ್ದೆ. ಮೆಟ್ಟಿಲು ಮೆಟ್ಟಿಲಾಗಿ, ಅಂಕಿ ಬರೆದುಕೊಂಡು, ಹೆಮ್ಮೆಪಡುತ್ತಾ. ಒಬ್ಬ ಮನುಷ್ಯನ ವಿವೇಕವನ್ನು ರೋಗ ಅಂತ ಹೆಸರಿಟ್ಟು.

ಕೇಳಬೇಕಾದ್ದು ಕೇಳಿದೆ, ಈಗಲೂ ಆ ಮ್ಯಾನೇಜರನಿಗೆ ಹಾನಿ ಮಾಡಬೇಕು ಅನ್ನಿಸುತ್ತಾ, ಬೇರೆ ಯಾವ ದಾರಿಯಾದರೂ ಯೋಚಿಸಿದ್ದೀರಾ ಅಂತ. "ಇಲ್ಲ. ಅದಕ್ಕೇ ಹತ್ತಲ್ಲ" ಅಂದರು. ಈ ವಿಷಯ ನನ್ನ ಮೇಲಿನವರ ಜೊತೆ ಮಾತಾಡಲೇಬೇಕಾಗುತ್ತದೆ ಎಂದು ಮುಚ್ಚಿಡದೆ ಹೇಳಿದೆ. ತಲೆ ಆಡಿಸಿದರು. ಎದ್ದು ಹೋಗುವಾಗ, "ಇವತ್ತು ನಂಬರ್ ಕೇಳಲಿಲ್ಲ ನೀವು" ಅಂದರು.

ಏಪ್ರಿಲ್ 4, ಗುರುವಾರ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈ ಗಾದೆ ಎಷ್ಟು ಸಲ ಕೇಳಿದ್ದೇನೆ. ಬರೆ ಹಾಕುವವಳು ನಾನೇ ಆಗುತ್ತೇನೆಂದು ಅಂದುಕೊಂಡಿರಲಿಲ್ಲ.

ಮೇಡಂ ಎಲ್ಲ ಕೇಳಿದರು. ಅಪಾಯದ ಬಗ್ಗೆ ನಾನು ಕೇಳಿದ ಪ್ರಶ್ನೆಗಳನ್ನು ಒಂದೊಂದಾಗಿ ಪರಿಶೀಲಿಸಿದರು, ಎರಡು ಬಿಟ್ಟುಹೋಗಿದ್ದವು, ಬರೆದುಕೊಟ್ಟರು. ಆಮೇಲೆ, "ತನ್ನನ್ನ ತಾನೇ ದೂರ ಇಟ್ಟುಕೊಂಡಿರೋ ಮನುಷ್ಯ. ಆದ್ರೂ ಪ್ರತಿ ವಾರ ಕೇಳಿ" ಅಂದರು.

ವಿಭಾಗದ ಮುಖ್ಯಸ್ಥರ ಹತ್ತಿರ ಇಬ್ಬರೂ ಹೋದೆವು. ರೋಗಿಯ ಗುಟ್ಟುಗಳನ್ನು ಬಿಚ್ಚದೆ, ಇದು ಎತ್ತರದ ಭಯ ಅಲ್ಲ, ಕಂಪನಿಗೆ ಹಾಗೆ ಬರೆದುಕೊಡಲು ಆಗುವುದಿಲ್ಲ, ಅವರ ಕಷ್ಟದ ಬೇರು ಕೆಲಸದ ಜಾಗದಲ್ಲಿದೆ ಅಂದೆ. ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿದರು.

"ನಾವು ಮನಸ್ಸನ್ನ ನೋಡೋರಮ್ಮ. ಕ್ರೇನ್ ರಿಪೇರಿ ಮಾಡೋರಲ್ಲ. ಭಯ ಅಂತ ಕಳಿಸಿದ್ದಾರೆ. ಗುಣವಾಯ್ತು ಅಂತ ಬರೀರಿ, ಇಲ್ಲಾ ರೋಗಿ ಸಹಕರಿಸಲಿಲ್ಲ ಅಂತ ಬರೀರಿ. ಆ ಕಂಪನಿ ವರ್ಷಕ್ಕೆ ಎಷ್ಟು ಜನರನ್ನ ನಮಗೆ ಕಳಿಸುತ್ತೆ ಗೊತ್ತಾ?"

ನಾನು ಬಾಯಿ ತೆರೆದೆ. ಏನು ಹೊರಬರುತ್ತಿತ್ತೋ ದೇವರೇ ಬಲ್ಲ. ಮೇಡಂ ನನ್ನ ಮೊಣಕೈ ಹಿಡಿದರು.

"ಮೊದಲನೇ ಸಾಲು ಸುಳ್ಳಾದ ವರದಿಗೆ ನನ್ನ ಸಹಿ ಬೇಕಾಗುತ್ತೆ ಸರ್," ಅಂದರು. "ಅದು ಸಿಗಲ್ಲ."

ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ಇಬ್ಬರೂ ನಿಂತಿದ್ದೆವು. ಅವರ ಕುತ್ತಿಗೆ ಕೆಂಪಾಗಿತ್ತು. "ನೀವು ಅಲ್ಲಿ ಕೂಗಾಡಿದ್ರೆ ನಾಳೆಯಿಂದ ನಿಮ್ಮ ನಡವಳಿಕೆ ವಿಷಯ ಆಗಿರೋದು. ಇನ್ನೂ ರೋಗೀನೇ ವಿಷಯ ಆಗಿದ್ದಾರೆ. ಸಿಟ್ಟನ್ನ ಪೋಲು ಮಾಡಬೇಡಿ."

ಅವರಿಗೂ ಸಿಟ್ಟು ಬರುತ್ತದೆ.

ಏಪ್ರಿಲ್ 10, ಬುಧವಾರ

ಇವತ್ತು ಬೈಸಿಕೊಂಡೆ, ಮತ್ತೆ.

ವಾರವೆಲ್ಲ ಓಡಾಡಿ ಮಾಹಿತಿ ಕಲೆಹಾಕಿದ್ದೆ. ಕಾರ್ಮಿಕ ಇಲಾಖೆಯ ಅರ್ಜಿ, ಒಬ್ಬ ವಕೀಲರ ನಂಬರು, ಸುರಕ್ಷತೆಯ ಕಾನೂನಿನ ಪ್ರತಿ. ಗಿಡುಗ ಕೂತ ತಕ್ಷಣ ಎಲ್ಲ ಮುಂದೆ ಹರಡಿದೆ. ಆ ಮ್ಯಾನೇಜರನನ್ನು ಬಿಡಬಾರದು, ಪತ್ರಿಕೆಗೂ ಕೊಡಬಹುದು, ನಾನು ಇದ್ದೇನೆ ಅಂದೆ. ಅವರು ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿ ನನ್ನ ಕಡೆ ತಳ್ಳಿದರು.

"ಇದು ನಿಮ್ಮ ಸಿಟ್ಟಮ್ಮ. ಚೆನ್ನಾಗಿದೆ. ಆದ್ರೆ ನಂದು ನನಗೆ ಬಿಡಿ."

ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು. ಮೆಟ್ಟಿಲಿಗೆ ಅಡ್ಡ ನಿಂತಾಗ ಮೇಲಕ್ಕೆ ತಳ್ಳುತ್ತಿದ್ದೆ, ಈಗ ಇನ್ನೊಂದು ಕಡೆಗೆ. ತಳ್ಳುವುದಂತೂ ತಪ್ಪಲಿಲ್ಲ.

"ನಿಮ್ಮದು ಏನು ಕೇಳುತ್ತೆ?" ಅಂದೆ.

"ಕೊಕ್ಕೆಯಣ್ಣನಿಗೆ ಗೊತ್ತಾಗಬೇಕು. ನಾನು ನೋಡದೆ ಎತ್ತಿ ಅವನ ಕಾಲು ತೆಗೆದೆ ಅಂತ ಅವನು ಅಂದ್ಕೊಂಡಿದ್ದಾನೆ. ಕಾಗದದಲ್ಲಿ ಹಾಗೇ ಇದೆಯಲ್ಲ. ಒಂಬತ್ತು ತಿಂಗಳಿಂದ ಅವನ ಬೀದಿ ತುದಿ ತನಕ ಹೋಗ್ತೀನಿ, ವಾಪಸ್ ಬರ್ತೀನಿ."

ಉಳಿದ ಅರ್ಧ ಗಂಟೆ, ಬಾಗಿಲು ತೆರೆದಾಗ ಮೊದಲ ಮಾತು ಏನಿರಬೇಕು ಎಂಬುದನ್ನೇ ಹುಡುಕಿದೆವು. ನಾನು ಕೊಕ್ಕೆಯಣ್ಣನಾದೆ, ಅವರು ಬಾಗಿಲು ತಟ್ಟಿದರು. ನನ್ನ ನಟನೆ ನೋಡಿ, "ಅವನು ಇಷ್ಟು ಮರ್ಯಾದಸ್ಥ ಅಲ್ಲ" ಅಂತ ನಕ್ಕರು. ಅವರು ನಕ್ಕಿದ್ದು ನಾನು ನೋಡಿದ್ದು ಇದೇ ಮೊದಲು.

ಏಪ್ರಿಲ್ 17, ಬುಧವಾರ

ಹೋಗಿ ಬಂದಿದ್ದಾರೆ! ಶನಿವಾರ ಮಧ್ಯಾಹ್ನ. ಅಭ್ಯಾಸ ಮಾಡಿದ್ದ ಮೊದಲ ಮಾತು ಹೇಳಲು ಅವಕಾಶವೇ ಸಿಗಲಿಲ್ಲವಂತೆ. ಬಾಗಿಲು ತೆರೆದ ಕೊಕ್ಕೆಯಣ್ಣ, "ಈಗ ದಾರಿ ಗೊತ್ತಾಯ್ತಾ?" ಅಂದನಂತೆ. ಒಳಗೆ ಕರೆಯಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಗಿಡುಗ ಹೊಸ್ತಿಲಾಚೆ ನಿಂತೇ ಎಲ್ಲ ಹೇಳಿದರಂತೆ. ಹಗ್ಗ, ಪುಸ್ತಕದ ಹಾಳೆ, ಸಹಿ.

"ಅವನೇನು ಅಂದ ಗೊತ್ತಾ? ಹಗ್ಗ ಸವೆದಿದ್ದು ನನಗೆ ಗೊತ್ತಿರಲಿಲ್ವೇನೋ ದಡ್ಡ, ದಿನಾ ಅದಕ್ಕೆ ಕೊಕ್ಕೆ ಸಿಕ್ಕಿಸ್ತಿದ್ದವನು ನಾನು ಅಂದ. ಬಿದ್ದಿದ್ದಕ್ಕೆ ನಿನ್ನ ಮೇಲೆ ಒಂದು ದಿನಾನೂ ಸಿಟ್ಟಿರಲಿಲ್ಲ. ಸಹಿ ಹಾಕಿದ್ಯಲ್ಲ, ಅದಕ್ಕೆ ಸಿಟ್ಟು. ನನ್ನ ಕಾಲು, ನನ್ನ ಹೊಟ್ಟೆಪಾಡು, ನನ್ನನ್ನ ಒಂದು ಮಾತು ಕೇಳದೆ ನನ್ನ ಪರವಾಗಿ ತೀರ್ಮಾನ ಮಾಡೋಕೆ ನೀನ್ಯಾವ ದೊಡ್ಡ ಮನುಷ್ಯ ಅಂದ. ಗೇಟಿನ ಕೆಲಸ ಅವನು ಒಪ್ಪಿಕೊಂಡೇ ಇಲ್ಲಮ್ಮ. ಆರು ತಿಂಗಳ ಹಿಂದೇನೇ ಬೇಡ ಅಂದಿದ್ದಾನೆ. ನನಗೆ ಯಾರೂ ಹೇಳಿಲ್ಲ."

"ನಿಮಗೆ ಏನನ್ನಿಸ್ತು?"

"ಹೊಡೆದ ಹಾಗಾಯ್ತು. ಆಮೇಲೆ ಒಂದು ಗಂಟೆ ಅಲ್ಲೇ ಕೂತಿದ್ವಿ. ಹೊಸ್ತಿಲ ಮೇಲೆ. ಆ ರಾಟೆ ಇನ್ನೂ ಬದಲಾಯಿಸಿಲ್ಲ ಅಂತೆ. ಹಗ್ಗ ಮಾತ್ರ ಹೊಸದು ಹಾಕಿದ್ದಾರೆ. ಮತ್ತೆ ಕೊಯ್ಯುತ್ತೆ. ಈಗ ಕೆಳಗೆ ಬೇರೆ ಯಾರೋ ನಿಂತಿದ್ದಾರೆ." ನನ್ನ ಚೀಲದ ಕಡೆ ನೋಡಿ, "ಆವತ್ತು ತಂದಿದ್ರಲ್ಲ, ಆ ಕಾಗದಗಳು ಇನ್ನೂ ಇದೆಯಾ?" ಅಂದರು.

ಇತ್ತು. ಕೊಟ್ಟೆ. ಒಂದು ಮಾತೂ ಸೇರಿಸಲಿಲ್ಲ. ನಾಲಿಗೆ ಕಚ್ಚಿಕೊಂಡದ್ದು ಇನ್ನೂ ನೋಯುತ್ತಿದೆ.

ಏಪ್ರಿಲ್ 21, ಭಾನುವಾರ

ಅಕ್ಕ ಕಿಟಕಿಯ ಪರದೆ ಹೊಲಿಯುತ್ತಿದ್ದಳು. ಎದುರಿಗೆ ಕೂತು, "ನನ್ನ ಮೇಲೆ ನಿನಗೆ ಸಿಟ್ಟಿದೆಯಾ?" ಅಂದೆ.

ಸೂಜಿ ನಿಂತಿತು. "ಇದೆ."

"ಹೇಳು."

ಹೇಳಿದಳು. ಅಮ್ಮ ಮೂರು ವರ್ಷ ಹಾಸಿಗೆ ಹಿಡಿದಾಗ ನಾನು ಓದುತ್ತಿದ್ದೆ, ಅದಕ್ಕಲ್ಲವಂತೆ. ಓದು ಅಂತ ಅವಳೇ ಹೇಳಿದ್ದು. ಅಮ್ಮ ಹೋದ ದಿನ ಸಂಜೆ ನಾನು ಬಂದೆ. ಮನೆ ತುಂಬ ಜನ. ತೊಳೆಯದ ಪಾತ್ರೆಯ ರಾಶಿ ಮುಂದೆ ಅವಳು ನಿಂತಿದ್ದಳು. ನಾನು ಹತ್ತಿರ ಹೋಗಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, "ಈ ಹೊತ್ತು ನಿನ್ನೊಳಗೆ ಯಾವ ಭಾವನೆ ಇದೆ?" ಅಂತ ಕೇಳಿದೆನಂತೆ.

"ಒಂದು ಲೋಟ ತೊಳೆದಿದ್ರೂ ಸಾಕಿತ್ತು ಕಣೇ," ಅಂದಳು. "ನಾನು ನಿನ್ನ ಕ್ಲಾಸಿನ ಪಾಠ ಅಲ್ಲ, ನಿನ್ನ ಅಕ್ಕ."

ನನಗೆ ನೆನಪೇ ಇರಲಿಲ್ಲ. ಅಥವಾ ಇತ್ತು. ಪರದೆಯ ಇನ್ನೊಂದು ತುದಿ ಹಿಡಿದುಕೊಂಡೆ. ಹೊಲಿಗೆ ಮುಗಿಯುವ ತನಕ ಬೈದಳು. ಮಧ್ಯೆ ಒಂದು ಸಲ ಅತ್ತಳು, ಮತ್ತೆ ಬೈದಳು.

ಮೇ 7, ಮಂಗಳವಾರ

ಪ್ರಬಂಧದ ಮೌಖಿಕ ಪರೀಕ್ಷೆ. ಮುಖ್ಯಸ್ಥರು ಮೊದಲೇ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಕಂಪನಿಗೆ ನಾವು ಕಳಿಸಿದ ವರದಿ ಮೂರೇ ಸಾಲು, ಗಿಡುಗ ಓದಿ ಒಪ್ಪಿದ್ದು: ಇವರಿಗೆ ಎತ್ತರದ ಭಯವಿಲ್ಲ, ಅಪಘಾತದ ಕಾರಣಗಳು ಬಗೆಹರಿಯದೆ ಇವರನ್ನು ಕ್ರೇನಿಗೆ ಕಳಿಸುವುದು ಸೂಕ್ತವಲ್ಲ, ಇದು ಇವರ ಅಸಹಕಾರವಲ್ಲ. ಅದಾದ ಮೇಲೆ ಕಂಪನಿ ಹೊಸಬರನ್ನು ಕಳಿಸಿಲ್ಲ.

"ನಿಮ್ಮ ಸೈದ್ಧಾಂತಿಕ ನೆಲೆ ಯಾವುದು? ಒಂದೇ ಮಾತಿನಲ್ಲಿ ಹೇಳಿ."

"ಒಂದೇ ಮಾತಿನಲ್ಲಿ ಆಗಲ್ಲ ಸರ್. ಮೊದಲು ಹಿಡಿದ ಸಿದ್ಧಾಂತ ತಪ್ಪಲ್ಲ, ಆದರೆ ಈ ಮನುಷ್ಯನನ್ನ ಕೇಳದೆ ಹಿಡಿದೆ. ಅದರಿಂದ ಏನು ಅನಾಹುತ ಆಗುತ್ತಿತ್ತು ಅಂತ ಎರಡನೇ ಅಧ್ಯಾಯದಲ್ಲಿದೆ."

"ಅಂದ್ರೆ ಚಿಕಿತ್ಸೆ ಸೋತಿದೆ. ರೋಗಿ ಇವತ್ತಿಗೂ ಕ್ರೇನ್ ಹತ್ತಿಲ್ಲ."

"ಹತ್ತಿಲ್ಲ ಸರ್."

ಕನಿಷ್ಠ ಅಂಕ ಕೊಟ್ಟು ಪಾಸು ಮಾಡಿದರು. ಮೇಡಂ ಹೊರಗೆ ಬಂದು, "ಎರಡನೇ ಅಧ್ಯಾಯ ಉದ್ದ ಆಯ್ತು," ಅಂದರು. ಹೊಗಳಲು ಬಾಯಿ ಬರುವುದೇ ಇಲ್ಲ ಆ ಹೆಂಗಸಿಗೆ. ಇಬ್ಬರೂ ಟೀ ಕುಡಿದೆವು.

ಮೇ 23, ಗುರುವಾರ

ಗಿಡುಗ ಮತ್ತು ಕೊಕ್ಕೆಯಣ್ಣ ಇಬ್ಬರೂ ಸೇರಿ ಕೊಟ್ಟ ಅರ್ಜಿಗೆ ಇವತ್ತು ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬಂದರಿಗೆ ಬಂದಿದ್ದರು. ಗಿಡುಗ ಹಳೆಯ ಸಹಿಯನ್ನು ಹಿಂತೆಗೆದುಕೊಂಡು ನಡೆದದ್ದನ್ನು ಬರೆದುಕೊಟ್ಟಿದ್ದಾರೆ. "ನೀವೂ ಬನ್ನಿ, ದೂರ ನಿಂತು ನೋಡಿ ಸಾಕು" ಅಂತ ಕರೆದಿದ್ದರು. ರಜೆ ಹಾಕಿ ಹೋದೆ.

ಕ್ರೇನನ್ನು ಮೊದಲ ಸಲ ನೋಡಿದೆ. ಕತ್ತು ಹಿಂದಕ್ಕೆ ಬಾಗಿಸಿದಾಗ ನನಗೇ ತಲೆ ಸುತ್ತಿತು. ತಿಂಗಳುಗಟ್ಟಲೆ ಈ ವಸ್ತುವಿನ ಬಗ್ಗೆ ಬರೆದಿದ್ದೇನೆ!

ರಾಟೆ ಬದಲಾಯಿಸಿದ್ದೇವೆ ಅಂತ ಮ್ಯಾನೇಜರ್ ಒಂದು ರಸೀದಿ ತೋರಿಸಿದ. ಚಿಕ್ಕ ಮನುಷ್ಯ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಇನ್‌ಸ್ಪೆಕ್ಟರ್ ಹೆಂಗಸು, ದಪ್ಪ ಬೂಟು ಹಾಕಿದ್ದರು. ಮೇಲೆ ಯಾರು ತೋರಿಸುತ್ತೀರಿ ಅಂದರು. ಈಗಿನ ಆಪರೇಟರ್ ನೆಲ ನೋಡಿದ.

ಗಿಡುಗ ನನ್ನ ಕಡೆ ನೋಡಲಿಲ್ಲ. ಮ್ಯಾನೇಜರನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಏಣಿ ಹಿಡಿದರು. ಮೂರನೇ ಮೆಟ್ಟಿಲಿನಲ್ಲಿ ನಿಂತರು. ಕೊಕ್ಕೆಯಣ್ಣ ಊರುಗೋಲಿನ ಮೇಲೆ ಮುಂದಕ್ಕೆ ಬಾಗಿ, "ಏನೋ, ಅಲ್ಲೇ ಮನೆ ಮಾಡ್ತೀಯೇನೋ?" ಅಂತ ಕೂಗಿದರು.

ಹತ್ತಿದರು. ಹಿಂದೆ ಇನ್‌ಸ್ಪೆಕ್ಟರ್. ಇಬ್ಬರೂ ಮೇಲೆ ಚುಕ್ಕೆಗಳಾದರು. ಹತ್ತು ನಿಮಿಷದ ಮೇಲೆ ಇಳಿದಾಗ ಇನ್‌ಸ್ಪೆಕ್ಟರ್ ಕೈಗವಸು ಬಿಚ್ಚಿ ತೋರಿಸಿದರು. ರಾಟೆಯ ಅಂಚಿಗೆ ಬೆರಳು ಇಟ್ಟ ಜಾಗದಲ್ಲಿ ಕೈಗವಸಿನ ತೊಗಲು ಸೀಳಿತ್ತು. ಹಳೆಯ ರಾಟೆಯೇ. "ಇವತ್ತಿಂದ ಈ ಕ್ರೇನ್ ನಿಲ್ಲುತ್ತೆ," ಅಂದರು. "ಆ ಪುಸ್ತಕ ತನ್ನಿ. ಹರಿದ ಪುಟಗಳೂ ಬೇಕು."

ಮ್ಯಾನೇಜರ್ ತನ್ನ ಆಫೀಸಿನ ಕಡೆ ಬೇಗ ಬೇಗ ನಡೆದ. ಗಿಡುಗ ಏಣಿಯ ಬುಡದಲ್ಲೇ ಕೂತು ಬೂಟಿನ ದಾರ ಬಿಚ್ಚುತ್ತಿದ್ದರು. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು.

ನಾನು ಹತ್ತಿರ ಹೋದೆ. "ಈಗ ಸಿಟ್ಟು ಸ್ವಲ್ಪ ಕಡಿಮೆ ಆಯ್ತಾ?"

"ಯಾಕಮ್ಮ ಕಡಿಮೆ ಆಗ್ಬೇಕು?" ಅಂದರು. "ಅದಕ್ಕೆ ಇನ್ನೂ ಕೆಲಸ ಇದೆ."